ಕಾಕಾನ ಪೂರ್ವಪಕ್ಷ

ನಮ್ಮ ಕಾಕಾಗೆ ‘ಊಟ ಆಯ್ತೇನ್ರಿ?’ ಎಂದು ಕೇಳುವವರು ಮೊದಲು ತಮ್ಮ ಊಟ ಮುಗಿಸಿಕೊಳ್ಳುವುದು ಒಳ್ಳೆಯದು! ಆದರೂ ಉತ್ತರ ಬರುವಷ್ಟರಲ್ಲಿ ಮತ್ತೆ ಹಸಿವಾಗಿರುತ್ತದೆ. ಇಂಥ ಮನುಷ್ಯ ಈಚೆಗೆ ಎರಡು ಸೆಕೆಂಡಿನಲ್ಲಿ ಒಂದು ತೀರ್ಮಾನ ಮಾಡಬೇಕಾಯಿತು. ಅದರ ಮೇಲೆ ನನ್ನ ಪ್ರಾಣ ನಿಂತಿತ್ತು.

ಮೊದಲು ಹೀಗಿರಲಿಲ್ಲ. ಕುಷಾಯಿಗೂಡದ ಕಾರ್ಖಾನೆಯಲ್ಲಿ ಬೆಸುಗೆ ಪರೀಕ್ಷಿಸುತ್ತಲೇ ನಿವೃತ್ತರಾದವರು, ಮರುವರ್ಷ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಎಂ.ಎ.ಗೆ ಸೇರಿಬಿಟ್ಟರು. ಬೆಳಿಗ್ಗೆ ಪೌರ್ವಾತ್ಯ, ಮಧ್ಯಾಹ್ನ ಪಾಶ್ಚಾತ್ಯ. ಏನು ಹೇಳುವ ಮುನ್ನವೂ ಎದುರಾಳಿಯ ವಾದವನ್ನು, ಅಂದರೆ ಪೂರ್ವಪಕ್ಷವನ್ನು, ಅವನಿಗಿಂತ ಚೆನ್ನಾಗಿ ಹೇಳಬೇಕು ಎಂದರು ಬೆಳಗಿನ ಮೇಷ್ಟ್ರು. ಎಲ್ಲವನ್ನೂ ಸಂಶಯಿಸಬೇಕು ಎಂದರು ಮಧ್ಯಾಹ್ನದವರು. ಉಳಿದ ವಿದ್ಯಾರ್ಥಿಗಳು ಎರಡನ್ನೂ ಪರೀಕ್ಷೆಯ ಹಾಳೆಯಲ್ಲಿ ಬರೆದು ಬಂದರು. ಕಾಕಾ ಮನೆಗೆ ತಂದರು!

“ಚಹಾ ಬೇಕೇನ್ರಿ?” ಎಂದು ನಮ್ಮ ಕಾಕು, ಅವರ ಹೆಂಡತಿ, ಕೇಳುತ್ತಾರೆ.

“ಬ್ಯಾಡ ಅನ್ನಾಂವ ಏನಂತಾನಂದ್ರ, ಚಹಾದಿಂದ ಪಿತ್ತ. ಎರಡನೇದು...”

“ಯಾರಂವ? ಒಳಗ ಕರೀರಿ. ಅಂವಗ ಬ್ಯಾಡಾದ್ರ ನಿಮಗ ಕೊಡ್ತೀನಿ.”

“ಅಂವ ಇದ್ದಾನೋ ಇಲ್ಲೋ ಅನ್ನೂದ ಸಂಶಯ.”

“ಚಹಾ ಆರಾಕತ್ತೇತಿ, ಅದರಾಗ ಸಂಶಯ ಇಲ್ಲ. ಕುಡೀರಿ!”

ತರಕಾರಿ ಗಾಡಿಯವನಂತೂ ಈಗ ನಮ್ಮ ಬ್ಲಾಕಿನ ಮುಂದೆ ಕೂಗದೆಯೇ ಸಾಗುತ್ತಾನೆ. ಒಮ್ಮೆ ಬದನೆಕಾಯಿ ಕೊಳ್ಳಬಾರದೆನ್ನುವವನ ವಾದವನ್ನು ಕಾಕಾ ತೆಲುಗಿನಲ್ಲಿ ಎಷ್ಟು ಸೊಗಸಾಗಿ ಮಂಡಿಸಿದರೆಂದರೆ, ಹಿಂದೆ ನಿಂತಿದ್ದ ಮೂವರು ಚೀಲ ಮಡಚಿಕೊಂಡು ಹೋದರು. ಅದಕ್ಕೆ ಕಾಕಾನ ಮರುವಾದ, ಅಂದರೆ ಉತ್ತರಪಕ್ಷ, ಕೇಳಲು ಉಳಿದದ್ದು ಬದನೆಕಾಯಿ ಮಾತ್ರ!

ಜನವರಿಯಲ್ಲಿ ನಾನು, ಕಾಕಾ ನಾಂಪಲ್ಲಿಯ ವಸ್ತುಪ್ರದರ್ಶನಕ್ಕೆ ಹೋಗಿ, ಕಾಕು ಹೇಳಿದ್ದ ಉಪ್ಪಿನಕಾಯಿ ಭರಣಿ ಕೊಂಡು ಹೊರಬಂದೆವು.

“ಕಾಕಾ, ಆಟೋನೋ ಮೆಟ್ರೋನೋ?” ಕೇಳಿದ್ದೇ ತಪ್ಪು.

“ಆಟೋ ಅನ್ನಾಂವ ಏನಂತಾನಂದ್ರ...” ಭರಣಿ ಅಪ್ಪಿಕೊಂಡು ಶುರು ಮಾಡಿದರು.

ಮೂರನೆಯ ಅಂಶದ ಹೊತ್ತಿಗೆ ನನಗೆ ಸಾಕಾಗಿತ್ತು. ಆಟೋ ಕಂಡೀತೇ ಎಂದು ಅತ್ತ ನೋಡುತ್ತ ರಸ್ತೆಗಿಳಿದೆ. ಇತ್ತ ಕಡೆಯಿಂದ, ರಾಂಗ್ ಸೈಡಿನಲ್ಲಿ, ನೀರಿನ ಟ್ಯಾಂಕರ್ ನುಗ್ಗಿಬಂತು. ಇವತ್ತಿಗೂ ಕಣ್ಣು ಮುಚ್ಚಿದರೆ ಅದರ ಬಂಪರಿಗೆ ಕಟ್ಟಿದ್ದ ನಿಂಬೆಹಣ್ಣು, ಒಣಗಿದ ಮೆಣಸಿನಕಾಯಿ ಕಾಣುತ್ತವೆ. ಅಷ್ಟು ಹತ್ತಿರ! ಕಾಲು ಕಿತ್ತಿಡಲಾಗಲಿಲ್ಲ.

ಭರಣಿ ಒಡೆದ ಸದ್ದು ಕೇಳಿತು. ಮರುಕ್ಷಣ ನಾನು ಫುಟ್‌ಪಾತಿನ ಮೇಲೆ, ಕಾಕಾನ ಮೈಮೇಲೆ ಬಿದ್ದಿದ್ದೆ. ನನ್ನ ಒಂದು ಚಪ್ಪಲಿ ರಸ್ತೆಯಲ್ಲಿ ಅಪ್ಪಚ್ಚಿಯಾಗಿತ್ತು.

“ಕಾಕಾ,” ಎದ್ದು ಕೂರುತ್ತ ಕೇಳಿದೆ, “ಪೂರ್ವಪಕ್ಷ ಹೇಳಲೇ ಇಲ್ಲಲ್ರಿ?”

“ಹುಚ್ಚಿ,” ಎಂದರು. “ನೀ ಇರಬೇಕು ಅನ್ನೂದಕ್ಕ ಎದುರು ಮಾತು ಎಲ್ಲೈತಿ?”

ಮೆಟ್ರೋದಲ್ಲಿ ಮಿಯಾಪುರ ಬರುವವರೆಗೂ ನನ್ನ ತೋಳು ಬಿಡಲಿಲ್ಲ. ಹಿಡಿದುಕೊಂಡೇ ಇದ್ದು, ಪ್ರತಿ ಸ್ಟೇಷನ್ನಿಗೂ ತಿರುಗಿ ನೋಡುತ್ತಿದ್ದರು, ನಾನು ಇದ್ದೇನೋ ಇಲ್ಲವೋ ಎಂದು.