ಮೇಷ್ಟ್ರ ಬೆನ್ನು, ಬೀಗರ ಪೀಪಾಯಿ

ಬೆಳಗಿನ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಇಲಾರಿಯೊ ಮೇಷ್ಟ್ರು ಹೆರೆಸ್ ಪಟ್ಟಣದ ಒಂದು ವೈನು ಉಗ್ರಾಣದಲ್ಲಿ, ಬಲಗಾಲಿನ ನೋವನ್ನು ಎಡಗಾಲಿಗೂ ಎಡಗಾಲಿನದನ್ನು ಬಲಗಾಲಿಗೂ ವರ್ಗಾಯಿಸುತ್ತ ನಿಂತಿದ್ದರು. ಮೂರು ದಿನಗಳಲ್ಲಿ ಇದು ಏಳನೆಯ ಉಗ್ರಾಣ. ಮೊದಲ ಆರೂ ಬೀಗರ ಚಿಕ್ಕಪ್ಪ, ಸೋದರಮಾವ, ಷಡ್ಡಕ ಮುಂತಾದವರವು. ಎಲ್ಲೆಡೆಯೂ ನಿಂತೇ ಕುಡಿಯುವ ಪದ್ಧತಿ. ಕುರ್ಚಿ ಎಂಬ ವಸ್ತು ಈ ಊರಿಗೆ ಇನ್ನೂ ಬಂದು ತಲುಪಿದಂತಿರಲಿಲ್ಲ. ಈ ಏಳನೆಯದು ಸಾಕ್ಷಾತ್ ಬೀಗರದು. ಮೇಷ್ಟ್ರ ಒಬ್ಬಳೇ ಮಗಳು ಹಿಮೆನಾ ಬರುವ ಮೇ ತಿಂಗಳಲ್ಲಿ ಈ ಮನೆಯ ಸೊಸೆಯಾಗುವವಳಿದ್ದಳು.

ಉತ್ತರದ ತಮ್ಮೂರು ಪಾಲೆನ್ಸಿಯಾದಿಂದ ಹೊರಡುವಾಗ ಮೇಷ್ಟ್ರು ಘನವಾದ ಒಂದು ಶಪಥ ಮಾಡಿದ್ದರು. ಮೂವತ್ತಾರು ವರ್ಷ ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿದ ಮೂಗು ತಮ್ಮದು. ಕಣ್ಣು ಕಟ್ಟಿ ಯಾವ ಸೀಸೆಯ ಮುಚ್ಚಳ ತೆಗೆದರೂ ಒಳಗಿನದರ ಹೆಸರು ಹೇಳಬಲ್ಲ ಮೂಗು! ಉತ್ತರದವರಿಗೆ ಗೋಧಿ ಬಿಟ್ಟರೆ ಇನ್ನೇನೂ ಗೊತ್ತಿಲ್ಲ ಎಂದು ತೆಂಕಣದ ಬೀಗರು ತಿಳಿದಿದ್ದರೆ, ಆ ತಿಳಿವಳಿಕೆಯನ್ನು ಈ ಮೂಗು ತಿದ್ದಲಿದೆ. ಇದನ್ನು ಕೇಳಿ ಅವರ ಹೆಂಡತಿ ನಿಯೆವೆಸ್, ಸೂಟ್‌ಕೇಸಿನ ಜಿಪ್ಪು ಎಳೆಯುತ್ತಲೇ, "ಫ್ರಿಜ್ಜಲ್ಲಿ ಮೊನ್ನೆಯಿಂದ ಹಾಲು ಒಡೆದು ಕೂತಿದೆ. ಮೊದಲು ಅದು ಗೊತ್ತಾಗಲಿ ಆ ಮೂಗಿಗೆ" ಎಂದಿದ್ದರು.

ಮಗಳು ಫೋನಿನಲ್ಲಿ ಬೇಡಿಕೊಂಡದ್ದು ಒಂದೇ. "ಅಪ್ಪಾ, ಆ ಪೀಪಾಯಿಗಳು ಅಂದ್ರೆ ಅವರಿಗೆ ಜೀವ. ಮಾತಾಡು, ಕುಡಿ, ಬೇಕಾದ್ರೆ ಪಾಠಾನೂ ಮಾಡು. ಮುಟ್ಟೋದು ಮಾತ್ರ ಬೇಡ."

ಮೇಷ್ಟ್ರು ಮಾತಿಗೆ ತಪ್ಪುವವರಲ್ಲ. ಉಗ್ರಾಣದ ಹೊಸ್ತಿಲು ದಾಟಿದ ಕ್ಷಣದಿಂದ ಎರಡೂ ಕೈಗಳನ್ನು ಕಪ್ಪು ಉಣ್ಣೆಕೋಟಿನ ಜೇಬುಗಳಲ್ಲಿ ಸೆರೆಯಿಟ್ಟಿದ್ದರು.

ಬೀಗ ಸೆರ್ವಾಂದೊ ಗಿಡ್ಡಗೆ ದುಂಡಗೆ ಇದ್ದ ಮನುಷ್ಯ. ವೈನಿನ ವಿಷಯ ಮಾತಾಡುವಾಗ ಅವರು ನೋಡುತ್ತಿದ್ದುದು ಪೀಪಾಯಿಯ ಮುಖವನ್ನೇ ಹೊರತು ಕೇಳುವವರ ಮುಖವನ್ನಲ್ಲ. ಓಣಿಯ ಎರಡೂ ಬದಿಗೆ ಕಪ್ಪು ಬಣ್ಣ ಬಳಿದ ಪೀಪಾಯಿಗಳು. ಪ್ರತಿಯೊಂದರ ಮೇಲೂ ಸೀಮೆಸುಣ್ಣದ ಗುರುತು. ಹದಿನೈದು ದಿನ ಕೂತು ಒಂದೊಂದನ್ನೂ ಮೂಸಿ ತಾವೇ ಬರೆದದ್ದೆಂದು ಅವರು ವಿವರಿಸಿದರು. ಒಂದು ಓರೆಗೆರೆಯೆಂದರೆ ನಾಜೂಕಿನ ವೈನು, ಅದರ ಮೇಲೆ ಅದನ್ನು ಕಾಯುವ ಬಿಳಿ ಕೆನೆ ಕಟ್ಟುತ್ತದೆ. ಎರಡು ಗೆರೆಯೆಂದರೆ ಗಟ್ಟಿಮುಟ್ಟಾದದ್ದು. ಗೆರೆಯ ಪಕ್ಕ ಚುಕ್ಕೆಯಿದ್ದರೆ ಇನ್ನೂ ಮನಸ್ಸು ಮಾಡದ್ದು. ಜಾಲರಿ ಬರೆದಿದ್ದರೆ ಹುಳಿಗೆ ತಿರುಗಿ ವಿನೆಗರ್ ಆದದ್ದು. ಇವತ್ತು ಮಧ್ಯಾಹ್ನ ದ್ರಾಕ್ಷಿ ಸಾರಾಯಿ ಹೊತ್ತ ಲಾರಿ ಬರುತ್ತದೆ. ವೈನಿನ ಕಸುವು ಹೆಚ್ಚಿಸಲು ಗುರುತು ನೋಡಿ ನೋಡಿ ಅದನ್ನು ಪೀಪಾಯಿಗೆ ಹೊಯ್ಯಬೇಕು. ಎರಡು ಗೆರೆಯ ಪಾಲು ಒಂದು ಗೆರೆಯದಕ್ಕೆ ಬಿತ್ತೋ, ಕೆನೆ ಸತ್ತಿತು, ಆ ವರ್ಷದ ಫಸಲೂ ಅದರ ಜೊತೆ ಹೋಯಿತು.

ಹೀಗೆ ಬೀಗರು ಎಡಸಾಲಿನ ಕಡೆ ಮುಖ ಮಾಡಿ ಮಾತಾಡುತ್ತ ಮುಂದೆ ಸರಿಯುತ್ತಿದ್ದರೆ, ಮೇಷ್ಟ್ರ ಕಾಲುಗಳು ಕೆಲಸಕ್ಕೆ ರಾಜೀನಾಮೆ ಕೊಟ್ಟವು. ಅವರು ಮೆಲ್ಲಗೆ ಬಲಸಾಲಿನ ಪೀಪಾಯಿಗೆ ಒರಗಿದರು. ಆಹಾ, ಎಂಥ ಸುಖ! ಬೀಗರು ಎರಡು ಹೆಜ್ಜೆ ಮುಂದೆ ಹೋದರೆ ಮೇಷ್ಟ್ರು ಬೆನ್ನನ್ನು ಎತ್ತದೆಯೇ ಪಕ್ಕದ ಪೀಪಾಯಿಗೆ ಜರುಗುವರು. ಹೀಗೆ ಕೈ ಜೇಬಿನಲ್ಲೇ ಇದ್ದಂತೆ, ತಲೆ ಗಂಭೀರವಾಗಿ ಆಡುತ್ತಿದ್ದಂತೆ, ಸಾಲಿನ ಕೊನೆಯ ತನಕ ಯಾತ್ರೆ ನಡೆಯಿತು.

ಅಷ್ಟರಲ್ಲಿ ಹೊರಗಿನಿಂದ ಕೂಗು ಬಂತು. ಸಾರಾಯಿ ಲಾರಿ ಹೊತ್ತಿಗೆ ಮುಂಚೆಯೇ ಬಂದು ಬೀದಿಯ ತಿರುವಿನಲ್ಲಿ ಸಿಕ್ಕಿಬಿದ್ದಿತ್ತು. ಬೀಗರು ಅರ್ಧ ಗಂಟೆಯಲ್ಲಿ ಬರುವುದಾಗಿ ಹೇಳಿ, ಇದನ್ನು ನಿಮ್ಮದೇ ಮನೆ ಅಂದುಕೊಳ್ಳಿ ಎಂದು ಉಪಚಾರದ ಮಾತಾಡಿ ಓಡಿದರು.

ಅಷ್ಟು ಹೊತ್ತೂ ಬೀಗರ ಮಾತು ಕೇಳುತ್ತ ಜೊತೆಗೇ ನಡೆದಿದ್ದ ನಿಯೆವೆಸ್ ಕಣ್ಣಿಗೆ ಗಂಡನ ಬೆನ್ನು ಬಿದ್ದದ್ದು ಆಗಲೇ. ಮೂವತ್ತಾರು ವರ್ಷ ಶಾಲೆಯಿಂದ ಮನೆಗೆ ಬಂದ ಕೋಟಿನ ಸುಣ್ಣ ಒದರಿದ ಕೈ ಅದು. ಯೋಚನೆಗೆ ಕಾಯುವ ಅಭ್ಯಾಸ ಅದಕ್ಕಿಲ್ಲ. ಪಟಪಟನೆ ಹೊಡೆದು, ಕರವಸ್ತ್ರ ಒದ್ದೆ ಮಾಡಿ ತಿಕ್ಕಿ, ಕೋಟನ್ನು ಹೊಸದರಂತೆ ಮಾಡಿಬಿಟ್ಟಿತು.

"ನಿವೃತ್ತಿಯಾಗಿ ಎರಡು ವರ್ಷ ಆಯ್ತು. ಇನ್ನೂ ಬೆನ್ನ ಮೇಲೆ ಸುಣ್ಣ ಹೊತ್ಕೊಂಡೇ ತಿರುಗ್ತೀರಲ್ರೀ" ಎಂದ ನಿಯೆವೆಸ್ ಅಲ್ಲಿಗೆ ನಿಂತರು. "ಹೌದೂ, ಇಲ್ಲಿ ಸುಣ್ಣ ಎಲ್ಲಿಂದ ಬಂತು?"

ಇಬ್ಬರೂ ತಿರುಗಿ ನೋಡಿದರು. ಬಲಸಾಲಿನ ಒಂಬತ್ತು ಪೀಪಾಯಿಗಳು ಬೇಸಿಗೆ ರಜೆಯ ಕರಿಹಲಗೆಯಂತೆ ಶುಭ್ರವಾಗಿ ನಿಂತಿದ್ದವು.

ಮೇಷ್ಟ್ರಿಗೆ ಮೇ ತಿಂಗಳು ಕ್ಯಾಲೆಂಡರಿನಿಂದ ಹರಿದುಬಿದ್ದಂತಾಯಿತು. ಬೀಗರ ಹದಿನೈದು ದಿನದ ದುಡಿಮೆಯನ್ನು ತಾವು ಒರಗಿ ಒರಸಿದ್ದರು. ಮಗಳಿಗೆ ಏನು ಹೇಳುವುದು?

"ನನ್ನ ಬೆನ್ನ ಮೇಲೆ ಗೆರೆಗಳು ಹೇಗೆ ಹೇಗೆ ಇದ್ದವು, ಜ್ಞಾಪಿಸಿಕೋ."

"ಯಾವ ಗೆರೆ? ಕೊಳೆ ಇತ್ತು, ತೆಗೆದೆ."

ಒಂಬತ್ತು ಪೀಪಾಯಿಯ ಗುರುತು ಒಂದರ ಮೇಲೊಂದು ಬಿದ್ದ ಬೆನ್ನನ್ನು ಯಾವ ವಿದ್ವಾಂಸನೂ ಓದಲಾರ ಎಂಬುದು ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ತಪ್ಪಿನಲ್ಲಿ ಪಾಲು ಕೊಡಲು ಒಬ್ಬರು ಎದುರಿಗೇ ಸಿಕ್ಕಾಗ ಯಾವ ಗಂಡ ಬಿಟ್ಟಾನು? ಅವರು ಕರವಸ್ತ್ರದ ಮೇಲೆ ಒಂದು ಸಣ್ಣ ಭಾಷಣ ಮಾಡಿದರು. ನಿಯೆವೆಸ್ ಅದನ್ನು ಪೂರ್ತಿ ಕೇಳಿ, ಬೀಗರು ಬಂದೊಡನೆ ಇದ್ದದ್ದನ್ನು ಇದ್ದಂತೆ ಹೇಳಿಬಿಡುವುದೇ ಕ್ಷೇಮ ಎಂದರು.

"ಹೇಳೋ ಅಗತ್ಯವೇ ಇಲ್ಲ" ಎಂದರು ಮೇಷ್ಟ್ರು. "ಅವರು ಮೂಗಿನಿಂದ ತಾನೇ ಬರೆದದ್ದು? ನನಗೂ ಒಂದಿದೆ."

ಗೂಡಿನಲ್ಲಿ ಸೀಮೆಸುಣ್ಣದ ತುಂಡಿತ್ತು. ಪಕ್ಕದಲ್ಲೇ ಉದ್ದನೆಯ ಬಳುಕುವ ಕಡ್ಡಿಯ ತುದಿಗೆ ಪುಟ್ಟ ಬಟ್ಟಲು ಕಟ್ಟಿದ ಉಪಕರಣ. ಬೀಗರು ಅದನ್ನು ಪೀಪಾಯಿಯ ನೆತ್ತಿಯ ತೂತಿಗೆ ಇಳಿಸಿ, ತೆಗೆದು, ತಲೆಯ ಎತ್ತರದಿಂದ ಲೋಟಕ್ಕೆ ಒಂದು ಹನಿ ಚೆಲ್ಲದೆ ಹೊಯ್ಯುತ್ತಿದ್ದರು. ಮೇಷ್ಟ್ರೂ ತಲೆಯ ಎತ್ತರದಿಂದಲೇ ಹೊಯ್ದರು. ಮೊದಲ ಬಟ್ಟಲು ಅವರ ತೋಳಿನೊಳಕ್ಕೆ ಇಳಿದು ಕಂಕುಳು ತಲುಪಿತು. ಎರಡನೆಯದು ಲೋಟ ಹಿಡಿದಿದ್ದ ನಿಯೆವೆಸ್ ಅವರ ಬೂಟಿಗೆ ಅಭಿಷೇಕವಾಯಿತು. ಮೂರನೆಯದರಲ್ಲಿ ಅರ್ಧ ಲೋಟಕ್ಕೂ ಅರ್ಧ ಮೀಸೆಗೂ ಸಂದಿತು.

ಮೊದಲ ಪೀಪಾಯಿ ನಿಸ್ಸಂದೇಹವಾಗಿ ಒಂದು ಗೆರೆ. ಎರಡನೆಯದೂ ಹಾಗೇ ಕಂಡಿತು. ಮೂರನೆಯದು ಎರಡನೆಯದರಂತೆಯೇ ಇದೆಯಲ್ಲ ಎಂದು ಮೇಷ್ಟ್ರು ಮತ್ತೆ ಮತ್ತೆ ಮೂಸಿದಾಗ ಕಾರಣ ಹೊಳೆಯಿತು: ಅವರು ಮೂಸುತ್ತಿದ್ದುದು ತಮ್ಮದೇ ಮೀಸೆಯನ್ನು! ಇನ್ನು ನಾಲಿಗೆಯೇ ಗತಿ. ಬೀಗರ ನೆಲದ ಮೇಲೆ ಉಗುಳುವುದುಂಟೇ? ನುಂಗಿದರು. ನಾಲ್ಕನೆಯದಕ್ಕೆ ಧಾರಾಳವಾಗಿ ಎರಡು ಗೆರೆ ದಯಪಾಲಿಸಿದರು. ಆರನೆಯದರ ಹೊತ್ತಿಗೆ, ವೈನಿಗೆ ತೀರ್ಪು ಕೊಡಲು ಮನುಷ್ಯನಿಗೆ ಏನು ಹಕ್ಕಿದೆ ಎಂಬ ಪ್ರಶ್ನೆ ಹುಟ್ಟಿ, ಚುಕ್ಕೆಗಳ ಸಂಖ್ಯೆ ಹೆಚ್ಚಿತು. ಎಂಟನೆಯದರ ಮುಂದೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತರು. ಅದು ಏಕಾಗ್ರತೆಯಲ್ಲ, ನಿದ್ದೆ ಎಂದು ಗೊತ್ತಾಗಿ ನಿಯೆವೆಸ್ ತಿವಿದರು. ಒಂಬತ್ತನೆಯದು ಗಂಟಲಿಗೆ ಇಳಿದೊಡನೆ ಎರಡೂ ಕಣ್ಣಲ್ಲಿ ನೀರು ಬಂತು. ಮೇಷ್ಟ್ರು ಕೆಮ್ಮುತ್ತ ಒಂದು ಜಾಲರಿ ಬರೆದು ಸುಣ್ಣ ಕೆಳಗಿಟ್ಟರು.

ಸೆರ್ವಾಂದೊ ಮರಳಿ ಬಂದು ಸಾಲಿನ ಮುಂದೆ ನಡೆದವರು ಮೂರನೆಯ ಪೀಪಾಯಿಯ ಬಳಿ ನಿಂತರು. ಅವರ ಗೆರೆಗಳು ಗಾಳಿಗೆ ಬಾಗಿದ ಹುಲ್ಲಿನಂತಿರುತ್ತಿದ್ದವು. ಇಲ್ಲಿದ್ದವು ಅಳತೆಪಟ್ಟಿ ಇಟ್ಟು ಎಳೆದಂಥವು. ಚುಕ್ಕೆಗಳೋ, ಹಿಂದಿನ ಬೆಂಚಿನ ಹುಡುಗರಿಗೂ ಕಾಣಲೆಂದು ಗುಂಡಗೆ ತಿದ್ದಿದಂಥವು. ಅವರು ಗೆರೆ ನೋಡಿದರು, ಮೇಷ್ಟ್ರ ತೊಯ್ದ ತೋಳು ನೋಡಿದರು, ಮೀಸೆ ನೋಡಿದರು.

"ಬೀಗರೇ, ತಪ್ಪಾಯ್ತು" ಎಂದರು ಮೇಷ್ಟ್ರು. "ಗುರುತು ಒರಸಿದ್ದು ಕೈಯಲ್ಲ, ಬೆನ್ನು. ಕಾಲು ಸೋತಿತ್ತು, ಒರಗಿದೆ. ಹುಡುಗಿಗೆ ಇದರಲ್ಲಿ ಏನೂ ಸಂಬಂಧವಿಲ್ಲ."

ಬೀಗರು ಬಟ್ಟಲುಕಡ್ಡಿ ಎತ್ತಿಕೊಂಡರು. ಮೊದಲನೆಯದನ್ನು ಮೂಸಿ, ಹೆಬ್ಬೆರಳಿನಿಂದ ಮೇಷ್ಟ್ರ ಗೆರೆ ಒರಸಿ, ಬೇರೆ ಬರೆದರು. ಎರಡನೆಯದಕ್ಕೂ ಹಾಗೇ. ಮೂರನೆಯದಕ್ಕೂ. ಪರೀಕ್ಷೆಯ ಉತ್ತರಪತ್ರಿಕೆ ಎದುರಿಗೇ ತಿದ್ದಿಸಿಕೊಳ್ಳುವ ಹುಡುಗರ ಸಂಕಟ ಏನೆಂಬುದು ಮೇಷ್ಟ್ರಿಗೆ ಆ ದಿನ ತಿಳಿಯಿತು. ಎಂಟನ್ನೂ ಒರಸಿದ ಹೆಬ್ಬೆರಳು ಒಂಬತ್ತನೆಯದರ ಬಳಿ ಎದ್ದು, ತಡೆದು, ಕೆಳಗಿಳಿಯಿತು.

"ಇದು ಸರಿ ಇದೆ."

"ಅಷ್ಟನ್ನ ಬಾಗಿಲಲ್ಲಿ ನಿಂತೇ ನಾನೂ ಹೇಳಿಬಿಡ್ತಿದ್ದೆ" ಎಂದರು ನಿಯೆವೆಸ್.

ಸೆರ್ವಾಂದೊ ಪೀಪಾಯಿಯ ಮೇಲೆ ಕೈಯಿಟ್ಟು, ಆ ಮೂರು ದಿನದಲ್ಲಿ ಮೊದಲ ಬಾರಿಗೆ ಕೇಳುವವರ ಮುಖ ನೋಡಿ ಮಾತಾಡಿದರು.

"ಹುಳಿಯಾದದ್ದನ್ನ ನಮ್ಮಲ್ಲಿ ಮಾರೋದಿಲ್ಲ, ಬೀಗರೇ. ಊರವರಿಗೆ ತೋರಿಸೋದೂ ಇಲ್ಲ. ಮನೆತನದ ಮಾನ ಅದು. ಮನೆಯವರಿಗೆ ಮಾತ್ರ ಕೊಡೋದು." ಪೀಪಾಯಿಯನ್ನು ಒಮ್ಮೆ ತಟ್ಟಿ ಸೇರಿಸಿದರು: "ನೀವೇ ಹಿಡಿದ್ರಿ. ಪೂರ್ತಿ ಪೀಪಾಯಿ ನಿಮ್ಮದೇ."

ಮನೆಯವರು! ಮೇ ತಿಂಗಳು ಮತ್ತೆ ಕ್ಯಾಲೆಂಡರಿಗೆ ಬಂದು ಅಂಟಿಕೊಂಡಿತು. ಮೇಷ್ಟ್ರ ಕಣ್ಣು ತುಂಬಿತು. ಅದು ವಾತ್ಸಲ್ಯಕ್ಕೋ ಒಂಬತ್ತನೆಯ ಲೋಟಕ್ಕೋ, ವಿಶ್ಲೇಷಣೆ ಮಾಡುವ ತ್ರಾಣ ಉಳಿದಿರಲಿಲ್ಲ.

ಮರುದಿನ ಬೆಳಗ್ಗೆ ಕಾರಿನ ಡಿಕ್ಕಿಯಲ್ಲಿ, ಹಿಂದಿನ ಸೀಟಿನಲ್ಲಿ, ನಿಯೆವೆಸ್ ಕಾಲಡಿಯಲ್ಲಿ ಹೊಟ್ಟೆ ದಪ್ಪನೆಯ ಗಾಜಿನ ಬುಡ್ಡಿಗಳು ಕೂತಿದ್ದವು. ಪೀಪಾಯಿ ಹಿಡಿಯುವುದು ಐನೂರು ಲೀಟರು. ಮಿಕ್ಕದ್ದನ್ನು ಮುಗಿಯುವ ತನಕ ತಿಂಗಳು ತಿಂಗಳು ಕಳಿಸುವುದಾಗಿ ಬೀಗರು ಮಾತು ಕೊಟ್ಟಿದ್ದರು. ಯಾವುದೋ ಬಿರಡೆ ಸಡಿಲವಿತ್ತು. ಕಿಟಕಿ ಇಳಿಸಿದರೆ ಜನವರಿಯ ಚಳಿ, ಏರಿಸಿದರೆ ವಿನೆಗರ್. ಊರು ಇನ್ನೂ ಎಂಟು ಗಂಟೆಯ ದಾರಿ.

ಸೆವಿಲ್ಲೆ ದಾಟಿದ ಮೇಲೆ ನಿಯೆವೆಸ್, ಮುಂದಿನ ರಸ್ತೆಯನ್ನೇ ನೋಡುತ್ತ, ತಾವು ಹೆರೆಸ್‌ಗೆ ಬಂದ ಮೊದಲ ರಾತ್ರಿಯ ಊಟದ ಮಾತು ತೆಗೆದರು. ನಿಮ್ಮ ಮನೆಗೆ ವರ್ಷಕ್ಕೆ ಎಷ್ಟು ವಿನೆಗರ್ ಬೇಕಾಗುತ್ತದೆ ಎಂದು ಬೀಗಿತ್ತಿ ಮಿಲಾಗ್ರೊಸ್ ಸುಮ್ಮನೆ ಮಾತಿಗೆ ಕೇಳಿದ್ದರಂತೆ. ಮೇಷ್ಟ್ರು ಫೋರ್ಕು ಕೆಳಗಿಟ್ಟು, ಬೆರಳಿನಲ್ಲಿ ಲೆಕ್ಕ ಹಾಕಿ, ಅಂದಾಜು ಹೇಳುವ ಜಾತಿ ತಮ್ಮದಲ್ಲ ಎಂದು ತೋರಿಸಲು ಇಡೀ ಮೇಜಿಗೆ ಕೇಳುವಂತೆ ಹೇಳಿದ್ದರಂತೆ: ಅರ್ಧ ಲೀಟರು.