ಹೋಗ್ತಾರೋ, ಹೋಗ್ಬರ್ತಾರೋ?

ನಮ್ಮ ಸೋದರಮಾವನಿಗೆ ಆದಾಯ ತೆರಿಗೆ ಎಂದರೆ ಪ್ರಾಣ. ಕಟ್ಟುವುದಲ್ಲ ಮತ್ತೆ, ಕಂಡವರಿಂದೆಲ್ಲ ಕಟ್ಟಿಸುವುದು! ಸರಸ್ವತಿಪುರಂನ ಅವರ ಬೀದಿಯಲ್ಲಿ ಯಾರು ಕೇಳಲಿ ಬಿಡಲಿ, ಎಲ್ಲರ ರಿಟರ್ನ್ಸ್ ತುಂಬಿಕೊಡುವವರು ಇವರೇ. ಒಮ್ಮೆ ಮದುವೆಮನೆಯಲ್ಲಿ ಅಕ್ಷತೆ ಹಾಕಲು ಹೋದವರು ಗಂಡಿನ ಕಿವಿಯಲ್ಲಿ, "ಹಳೇ ಪದ್ಧತಿನೋ, ಹೊಸಾ ಪದ್ಧತಿನೋ?" ಎಂದರು. ತೆರಿಗೆಯ ವಿಷಯವೆಂದು ಪಾಪ ಅವನಿಗೇನು ಗೊತ್ತು?

"ಎಲ್ಲಾ ಹಳೇ ಪದ್ಧತಿನೇ ಸಾರ್, ಪುರೋಹಿತರು ಹೇಳ್ದಂಗೆ."

"ಆಗಿದ್ರೆ ವಿಮೆ ರಸೀದಿ ಜೋಪಾನ ಕಣಪ್ಪ" ಎಂದು ಹರಸಿ ಮಾವ ಕೆಳಗಿಳಿದರು.

ಇಂಥವರ ಮಹಡಿ ಮನೆಯ ಬಾಡಿಗೆದಾರಳು ಇಟಲಿಯ ಎಲೆನಾ, ಇಲ್ಲಿನ ಶಾಲೆಯೊಂದರಲ್ಲಿ ಸಂಗೀತದ ಟೀಚರು. ಮಾವನ ಬಾಯಲ್ಲಿ ಎಲೆನಮ್ಮ. ಅತ್ತೆ ತೀರಿಕೊಂಡ ಮೇಲೆ ಮಾವನ ಸಂಜೆ ಕಾಫಿಗೆ ಜೊತೆಯೆಂದರೆ ಅವಳೊಬ್ಬಳೇ.

ಆ ಎಲೆನಾ ಒಂದು ದಿನ ಇಳಿದು ಬಂದು, ಅಮ್ಮನಿಗೆ ಹುಷಾರಿಲ್ಲ, ಕೆಲಸ ಬಿಟ್ಟೆ, ಮುಂದಿನ ವಾರವೇ ಊರಿಗೆ ಎಂದಳು. ಇಲ್ಲಿ ದುಡಿದ ವಿದೇಶದವರು ಹೊರಡುವ ಮುನ್ನ ತೆರಿಗೆ ಕಚೇರಿಯಿಂದ 'ಅಡ್ಡಿಯಿಲ್ಲ' ಎಂಬ ಪತ್ರ ಪಡೆಯಬೇಕಂತೆ. ಅದಿಲ್ಲದಿದ್ದರೆ ಪ್ರಯಾಣವೇ ನಿಂತೀತು! ಮಾವನ ಮುಖ ಬಾಡಿತು, ಮರುಕ್ಷಣವೇ ಅರಳಿತು. ವಿದೇಶಿ ರಿಟರ್ನ್ಸ್ ಯಾರ ಕೈಗೆ ಸಿಗುತ್ತದೆ ಹೇಳಿ?

"ನೀನು ನಿವಾಸಿನೋ, ಅನಿವಾಸಿನೋ?"

"ನಿಮ್ಮ ಮಹಡಿ ಮೇಲೇ ಇದ್ದೀನಲ್ಲ ಮಾಮ!"

"ಅದಲ್ಲ ಕಣಮ್ಮ. ಇಲ್ಲಿದ್ರೂ ಇಲ್ಲಿಯೋರಲ್ದೋರು ಇರ್ತಾರೆ, ಅಲ್ಲಿದ್ರೂ ಇಲ್ಲಿಯೋರಾಗಿರೋರು ಇರ್ತಾರೆ."

ಇದು ತೆರಿಗೆಯೋ, ವೇದಾಂತವೋ? ನನಗಂತೂ ತಲೆಬುಡ ತಿಳಿಯಲಿಲ್ಲ.

ಅಂತೂ ಶಾಲೆಯವರ ಪತ್ರ ಹಿಡಿದು ಮೂವರೂ ಆಟೋದಲ್ಲಿ ಕಚೇರಿಗೆ ಹೋದೆವು. ಅಧಿಕಾರಿ ಸಜ್ಜನರು. "ದೇಶ ಬಿಟ್ಟು ಹೋಗ್ತಿದ್ದೀರಾ ಮೇಡಂ?" ಎಂದು ಕೇಳಿದರು.

"ಇಲ್ಲ ಸಾರ್, ಹೋಗ್ಬರ್ತೀನಿ" ಎಂದಳು ಎಲೆನಾ, ಕೈಮುಗಿದು!

ಮಾವನೇ ಕಲಿಸಿದ ಕನ್ನಡ. ಹೊರಡುವಾಗ 'ಹೋಗ್ತೀನಿ' ಎನ್ನುವುದು ಅಪಶಕುನ ಎಂದು ಬೈದು ತಿದ್ದಿದ್ದರು.

"ಬರ್ತೀರಾ? ಕೆಲಸ ಬಿಟ್ಟಿದ್ದಾರೆ ಅಂತ ಶಾಲೆಯೋರು ಬರೆದಿದ್ದಾರಲ್ಲ?"

"ಬಿಟ್ಬುಟ್ಟೆ ಸಾರ್. ಹೋಗ್ಬರ್ತೀನಿ."

ಅಧಿಕಾರಿ ಪೆನ್ನು ಕೆಳಗಿಟ್ಟು ನನ್ನ ಕಡೆ ನೋಡಿದರು. ನಾನು ಮಾವನ ಕಡೆ ನೋಡಿದೆ.

"ಯಜಮಾನ್ರೇ, ನೀವಾದ್ರೂ ಹೇಳಿ. ಹೋಗ್ತಾರೋ, ಹೋಗ್ಬರ್ತಾರೋ?"

"ಹೋಗ್ಬರ್ತಾಳೆ ಅಂದ್ರೆ... ಹೋಗ್ಬರ್ತಾಳೆ ಸಾರ್."

ಕಲಂ, ಉಪಕಲಂಗಳನ್ನೆಲ್ಲ ಬಾಯಿಪಾಠ ಒಪ್ಪಿಸುವ ಮನುಷ್ಯನಿಗೆ 'ಹೋಗ್ತಾಳೆ' ಎಂಬ ಒಂದು ಮಾತು ಬಾಯಿಂದ ಹೊರಡಲೊಲ್ಲದು!

"ಶಾಲೆಯೋರು ಅಂಗ್ ಬರ್ದು, ನೀವಿಬ್ರೂ ಇಂಗಂದ್ರೆ ನಾನು ಪತ್ರ ಎಂಗ್ರೀ ಕೊಡ್ಲಿ?"

ಎಲೆನಾಳ ಕಣ್ಣಲ್ಲಿ ನೀರಾಡಿತು. ಅಮ್ಮನ ಮುಖ ನೋಡುವುದು ತಪ್ಪಿಹೋದರೆ ಎಂಬ ಭಯ. ಮಾವ ಅವಳನ್ನು ಒಮ್ಮೆ ನೋಡಿ ಅಧಿಕಾರಿಯತ್ತ ತಿರುಗಿದರು.

"ಹೋಗ್ತಾಳೆ ಸಾರ್. ಮತ್ತೆ ಬರಲ್ಲ. ಬೇಗ ಬರ್ಕೊಡಿ."

ಪತ್ರ ಸಿಗುವ ಭರವಸೆಯಾಯಿತು. ಹೊರಗೆ ಆಟೋ ಕಾಯುವಾಗ ಮಾವ ಅವಳ ಮುಖ ನೋಡಲೇ ಇಲ್ಲ. ರಸ್ತೆಯ ಕಡೆ ನೋಡುತ್ತಲೇ ಮೆಲ್ಲಗೆ ಹೇಳಿದರು.

"ಅದು ಕಾಗದಕ್ಕೆ ಹೇಳಿದ್ದು ಕಣಮ್ಮ. ನೀನು ಬಾ."