ನನ್ನ ಕುರ್ಚಿಯ ಹಿಂದೆ ನಿಂತಿದ್ದ ಮಹನೀಯರಿಗೆ

ಮಾನ್ಯರೇ,

ತಮ್ಮ ಹೆಸರು, ಊರು, ಉದ್ಯೋಗ ಯಾವುದನ್ನೂ ಅರಿಯದ, ಆದರೆ ತಮ್ಮ ಉಸಿರಿನ ಬಿಸಿಯನ್ನು ಕತ್ತಿನ ಮೇಲೆ ಚೆನ್ನಾಗಿ ಅರಿತ ಬ್ಯಾಡಗಿಯ ಮಹಮ್ಮದಗೌಸನು ಸಾವಿರ ಸಲಾಮುಗಳೊಂದಿಗೆ ಬರೆದುಕೊಳ್ಳುವುದೇನೆಂದರೆ: ಕಳೆದ ಮಂಗಳವಾರ ಮಧ್ಯಾಹ್ನ, ಹಾವೇರಿಯ ಕೋರ್ಟಿನ ಹಿಂದಿನ ಓಣಿಯ ನೀಲಗಂಗವ್ವನವರ ಖಾನಾವಳಿಯಲ್ಲಿ, ನಾನು ಕೂತು ಉಣ್ಣುತ್ತಿದ್ದ ಕುರ್ಚಿಯನ್ನು ಎರಡೂ ಕೈಯಿಂದ ಹಿಡಿದು ನಿಂತಿದ್ದ ಬಿಳಿ ಅಂಗಿಯವರು ತಾವೇ. ತಾವು ಕ್ಷೇಮವೆಂದು ನಂಬಿದ್ದೇನೆ. ಅಷ್ಟು ಉಂಡವರು ಕ್ಷೇಮವಾಗಿಯೇ ಇರುತ್ತಾರೆ.

ಆ ಖಾನಾವಳಿಯ ರೀತಿ ತಮಗೆ ಗೊತ್ತೇ ಇದೆ. ಅಲ್ಲಿ ಫ್ಯಾನು ತಿರುಗುವುದು ಸದ್ದಿಗೇ ಹೊರತು ಗಾಳಿಗಲ್ಲ. ಟೇಬಲ್ಲು ಅಲುಗಾಡದಿರಲೆಂದು ಒಂದು ಕಾಲಿಗೆ ಮಡಚಿಟ್ಟ ರಟ್ಟಿದೆ. ಖಾಲಿ ಕುರ್ಚಿ ಎಂಬುದಂತೂ ಇಲ್ಲವೇ ಇಲ್ಲ. ಯಾರ ಊಟ ಮುಗಿಯುವ ಲಕ್ಷಣ ಕಾಣುತ್ತದೋ ಅವರ ಹಿಂದೆ ಹೋಗಿ ನಿಂತುಬಿಡುವುದೇ ಸೀಟು ಹಿಡಿಯುವ ಪದ್ಧತಿ. ಆದರೂ ಆ ತಾಯಿಯ ರೊಟ್ಟಿಗೆ ಮತ್ತು ಎಣ್ಣೆಗಾಯಿಗೆ ಆಸೆಪಟ್ಟು, ಕೋರ್ಟಿನಲ್ಲಿ ಗೆದ್ದವರೂ ಸೋತವರೂ ಒಂದೇ ಟೇಬಲ್ಲಿಗೆ ಬಂದು ಕೂರುತ್ತಾರೆ.

ಹಿಂದೆ ನಿಲ್ಲುವ ಈ ವಿದ್ಯೆಯಲ್ಲಿ ತಮ್ಮನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಉಳಿದವರು ಗೋಡೆಯ ಕ್ಯಾಲೆಂಡರ್ ನೋಡುವಂತೆ ನಟಿಸುತ್ತಾರೆ. ತಾವು ಅಂಥ ಕಪಟವನ್ನೆಲ್ಲ ಬಿಟ್ಟು ನೇರವಾಗಿ ನನ್ನ ತಾಟನ್ನೇ ನೋಡಿದಿರಿ. ನಾನು ಇನ್ನೊಂದು ರೊಟ್ಟಿಗೆ ಹೂಂ ಎಂದಾಗ ತಾವು ಬಿಟ್ಟ ನಿಟ್ಟುಸಿರಿಗೆ ನನ್ನ ತಲೆಯ ಟೋಪಿ ಕದಲಿತು. "ಯಜಮಾನ್ರ, ಅನ್ನಾನೂ ಉಣ್ಣಾವ್ರೇನ್ರಿ?" ಎಂದು ತಾವು ವಿಚಾರಿಸಿದ್ದರಲ್ಲಿದ್ದ ಕಾಳಜಿಯನ್ನು ನನ್ನ ಹೆತ್ತವರಲ್ಲೂ ನಾನು ಕಂಡಿರಲಿಲ್ಲ.

ಆದರೆ ಮಾನ್ಯರೇ, ಅಂದು ನಾನು ನಿಧಾನವಾಗಿ ಉಣ್ಣುತ್ತಿದ್ದುದು ಹಸಿವಿನಿಂದಲ್ಲ. ನನ್ನ ಎದುರಿನ ಕುರ್ಚಿಯಲ್ಲಿ ಕುಳಿತವನು ನನ್ನ ಅಣ್ಣ ಖಲಂದರ. ಮೆಣಸಿನಕಾಯಿ ಒಣಹಾಕುವ ಕಣದ ನಡುವೆ ಗೋಡೆ ಯಾರು ಕಟ್ಟಬೇಕು ಎಂಬ ಮಹತ್ವದ ಪ್ರಶ್ನೆಯನ್ನು ನಾವಿಬ್ಬರೂ ಕೋರ್ಟಿಗೆ ಒಪ್ಪಿಸಿದಂದಿನಿಂದ ನಮಗೆ ಮಾತಿಲ್ಲ. ಮನೆಯಲ್ಲಿ ಉರ್ದು ಆಡಿ ಬೆಳೆದವರು ಈಗ ವಕೀಲರ ಮೂಲಕ ಕೋರ್ಟಿನ ಕನ್ನಡದಲ್ಲಿ ಮಾತ್ರ ಸಂಭಾಷಿಸುತ್ತೇವೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ನಮ್ಮ ಜಗಳವೂ ಹಾಗೆಯೇ ಎಂದು ಊರವರು ತಿಳಿದಿದ್ದರು, ತಪ್ಪು ತಿಳಿದಿದ್ದರು.

ಈಗ ನನ್ನ ಮಗಳು ನಸ್ರೀನ್‌ಳ ಮದುವೆ ನಿಶ್ಚಯವಾಗಿದೆ. ಅವಳಿಗೆ ದೊಡ್ಡಪ್ಪನಿಲ್ಲದೆ ನಿಕಾಹವೇ ಬೇಡ. ಅವನ ಮನೆ ಬಾಗಿಲಿಗೆ ಹೋಗಲು ನನಗೆ ಮಾನ ಅಡ್ಡ ಬಂದಿತ್ತು. ನಾನು ಹೋಗದಿದ್ದರೂ ಅವನನ್ನು ನೀಲಗಂಗವ್ವನವರೇ ತಂದು ಕೂರಿಸಿದರು. "ಇಲ್ಲೇ ಕುಂದ್ರಿ, ಎಲ್ಲಾರೂ ನಮ್ಮವ್ರ ಅದಾರ" ಎಂದು ಅವನನ್ನು ನನ್ನ ಮುಂದಿನ ಕುರ್ಚಿಗೆ ತಳ್ಳಿದಾಗ, ಇದು ದೇವರ ಕೆಲಸವೆಂದೇ ಭಾವಿಸಿದೆ. ತಾವು ಹಿಂದೆಯೇ ಬರುತ್ತಿದ್ದುದನ್ನು ಗಮನಿಸಲಿಲ್ಲ.

ಧೈರ್ಯಕ್ಕೆಂದು ಕೆಂಪು ಚಟ್ನಿಯನ್ನು ತುಸು ಹೆಚ್ಚೇ ತಿಂದೆ. ಕಣ್ಣು, ಮೂಗು ಒಟ್ಟಿಗೇ ಹರಿಯತೊಡಗಿದವು. ತಲೆ ತಗ್ಗಿಸಿ ಎಡಗೈಯಿಂದ ಒರೆಸಿಕೊಳ್ಳುತ್ತಿದ್ದೆ. ಆ ಹೊತ್ತಿಗೇ ತಾವು "ಉಂಡಿದ್ದಾತಿಲ್ರಿ? ಲಗೂ ಮಾಡ್ರಿ" ಎಂದಿರಿ. ಅದು ನನಗೆ ಹೇಳಿದ್ದು. ಆದರೆ ಇನ್ನೊಬ್ಬರು ಕಾದಿರುವಾಗ ಕೂತು ಉಣ್ಣುವ ಜಾಯಮಾನ ನನ್ನ ಅಣ್ಣನದಲ್ಲ. ಅವನು ಎದ್ದ, ತಾವು ಸುತ್ತಿ ಬಂದು ಕೂತಿರಿ. ಫ್ಯಾನಿನ ಗಲಾಟೆಯಲ್ಲಿ ನನಗೆ ಯಾವುದೂ ತಿಳಿಯಲಿಲ್ಲ. ನಾನು ತಾಟನ್ನೇ ನೋಡುತ್ತ, ಹಲವು ರಾತ್ರಿ ಹಾಸಿಗೆಯಲ್ಲಿ ತಾಲೀಮು ಮಾಡಿದ್ದ ಮಾತನ್ನು ಕೋರ್ಟಿನ ರೂಢಿಯಂತೆ ಕನ್ನಡದಲ್ಲೇ ಆಡಿಯೇಬಿಟ್ಟೆ: "ಭಾಯಿ, ನಸ್ರೀನ್‌ಂದು ಮದುವಿ ಐತಿ. ಗ್ವಾಡಿ ನೀನ ಕಟ್ಟಸು, ಇಲ್ಲಾ ಬಿಡು, ನನಗೇನೂ ಬ್ಯಾಡ. ನೀ ಮಾತ್ರ ಬಾ."

"ಬರ್ತೇನ್ರಿ, ಅದಕ್ಕೇನ್ರಿ! ಬಿರ್ಯಾನಿ ಇರತೈತಿಲ್ರಿ?" ಎಂದಿರಿ ತಾವು.

ತಲೆ ಎತ್ತಿದಾಗ ಕಂಡದ್ದು ತಮ್ಮ ಪ್ರಸನ್ನ ವದನ, ಮತ್ತು ನನ್ನ ತಾಟಿನ ಪಕ್ಕಕ್ಕೆ ಸರಿಸಿಟ್ಟಿದ್ದ ಮೊಸರಿನ ಬಟ್ಟಲು. ನನ್ನ ಮೊಸರನ್ನು ನಾನು ಆಗಲೇ ಮುಗಿಸಿದ್ದೆ. ನಾನು ಖಾರ ತಡೆಯದವನೆಂದು ಬಲ್ಲವರು ಇಬ್ಬರೇ: ಮಣ್ಣಾದ ನಮ್ಮವ್ವ ಜೈತೂನಬಿ ಮತ್ತು ನನ್ನ ಅಣ್ಣ. ಇಷ್ಟು ವರ್ಷದ ವ್ಯಾಜ್ಯದಲ್ಲಿ ಅವನ ಕಡೆಯಿಂದ ನೋಟಿಸು ಅಲ್ಲದ ವಸ್ತು ನನಗೆ ಬಂದದ್ದು ಅದೊಂದೇ. ನನ್ನ ಕೈ ಅದರ ಹತ್ತಿರ ಹೋಗುವುದರೊಳಗೆ ತಾವು "ಇದನ್ನ ಯಾರೂ ಉಣ್ಣಂಗಿಲ್ಲೇನ್ರಿ?" ಎಂದು ಕೇಳಿ, ಉತ್ತರದ ತೊಂದರೆಯನ್ನು ನನಗೆ ಕೊಡದೆ, ಆಗಲೇ ಬಡಿಸಿಕೊಂಡಿದ್ದ ಅನ್ನದ ಮೇಲೆ ಸುರಿದುಕೊಂಡಿರಿ. ನಾನು ಎಂಜಲು ಕೈಯಲ್ಲೇ ಹೊರಗೆ ಓಡಿದೆ. ಓಣಿಯಲ್ಲಿ ಅವನಿರಲಿಲ್ಲ. ಮರಳಿ ಬಂದಾಗ ನನ್ನ ಕುರ್ಚಿಯಲ್ಲೂ ಬೇರೊಬ್ಬರು ಕೂತಿದ್ದರು.

ಆದಕಾರಣ ತಮ್ಮಲ್ಲಿ ವಿನಂತಿ. ತಾವು ಆ ಕುರ್ಚಿಯನ್ನೂ ಆಮಂತ್ರಣವನ್ನೂ ಸ್ವೀಕರಿಸಿರುವುದರಿಂದ, ಜೊತೆಗೆ ಬರುವ ಜವಾಬ್ದಾರಿಗಳನ್ನೂ ಸ್ವೀಕರಿಸಬೇಕು. ಚಪ್ಪರ ಕಟ್ಟುವವನೊಂದಿಗೆ ಜಗಳವಾಡಬೇಕು, ಬಿರ್ಯಾನಿಗೆ ಉಪ್ಪು ಕಡಿಮೆಯೆಂದು ಬಾಣಸಿಗನ ಮೇಲೆ ರೇಗಬೇಕು, ಫೋಟೋಕ್ಕೆ ಕರೆದಾಗ ಮೂರು ಸಲ ಒಲ್ಲೆನೆಂದು ನಾಲ್ಕನೆಯ ಸಲ ಬಂದು ನಡುವೆ ನಿಲ್ಲಬೇಕು. ನಸ್ರೀನ್ ಚಿಕ್ಕವಳಿದ್ದಾಗ ಅವಳ ಸೈಕಲ್ಲನ್ನು ಹಿಂದಿನಿಂದ ಹಿಡಿದು ಇಡೀ ಓಣಿ ಓಡಿದವನು ನನ್ನ ಅಣ್ಣ. ಹಿಂದೆ ನಿಲ್ಲುವುದರಲ್ಲಿ ಅಂಥದ್ದೂ ಒಂದು ಬಗೆಯಿದೆ, ತಾವು ಅದನ್ನೂ ಅಭ್ಯಾಸ ಮಾಡಬೇಕು. ಅವಳು ಗಂಡನ ಮನೆಗೆ ಹೊರಟಾಗ ಮುಖ ಗೋಡೆಗೆ ತಿರುಗಿಸಿ ಅಳಬೇಕು. ಇವು ಆಗದಿದ್ದಲ್ಲಿ ಆ ಬಟ್ಟಲು ಮೊಸರನ್ನು, ಅವನೇ ಸರಿಸಿಟ್ಟ ಅದೇ ಮೊಸರನ್ನು, ಇದ್ದ ಹಾಗೆಯೇ ಹಿಂದಿರುಗಿಸಬೇಕು. ಬೇರೆ ಮೊಸರು ನನಗೆ ಬೇಡ.

ಇಂತಿ, ತಮಗೆ ಬೆನ್ನು ಕೊಟ್ಟು ಕೂತರೂ ಮನಸ್ಸು ಕೊಟ್ಟ ತಮ್ಮ ವಿಶ್ವಾಸಿ,
ಮಹಮ್ಮದಗೌಸ, ಬ್ಯಾಡಗಿ

ತಾ.ಕ.: ಈ ಪತ್ರವನ್ನು ನೀಲಗಂಗವ್ವನವರು ಕೈ ತೊಳೆಯುವ ನಲ್ಲಿಯ ಮೇಲೆ ಅಂಟಿಸಲು ಒಪ್ಪಿದ್ದಾರೆ. ನಮ್ಮ ಕೇಸಿನ ಮುಂದಿನ ತಾರೀಖಿನ ದಿನ ಅಲ್ಲಿ ಕೈ ತೊಳೆಯಲು ಬರುವ ಎತ್ತರದ ವ್ಯಕ್ತಿಯೊಬ್ಬರು ಇದನ್ನು ಓದುತ್ತ ನಿಲ್ಲಬಹುದು. ಕನ್ನಡಕ ಮನೆಯಲ್ಲಿ ಮರೆತು ಬರುವ ಅಭ್ಯಾಸ ಅವರಿಗೆ, ನಿಧಾನವಾಗಿ ಓದುತ್ತಾರೆ. ತಾವು ಅವರ ಹಿಂದೆಯೂ ನಿಂತಿರುತ್ತೀರಿ, ನನಗೆ ಗೊತ್ತು. ಅವರು ಮುಗಿಸುವ ತನಕ ದಯವಿಟ್ಟು ಅವಸರ ಮಾಡಬೇಡಿ.